ಬೇರು ಅಳುಕುದು, ನೀರು ನೋಡು

ಪುರಸೈವಾಕ್ಕಂ, ಚೆನ್ನೈ
18 ಡಿಸೆಂಬರ್ 2005, ಭಾನುವಾರ

ಅತ್ತೆ,

ತೀರ್ಥರೂಪ, ಚರಣಾರವಿಂದ ಎಂದೆಲ್ಲ ಶುರುಮಾಡಿ ಒಂದು ಹಾಳೆ ಹಾಳುಮಾಡಿದೆ. ನೀವು ಆ ಒತ್ತಕ್ಷರಗಳನ್ನೆಲ್ಲ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಕೂಸಿನ ಎಣ್ಣೆ-ನೀರಿನ ಹೊತ್ತಾಗಿಬಿಡುತ್ತದೆ. ಅದಕ್ಕೇ ಬರೀ ಅತ್ತೆ. ನಾನು ಆರಾಮ ಇದ್ದೇನೆ. ಮಳೆ ನಿಂತು ಮೂರು ದಿನವಾಯಿತು. ಕೆಳಗಿನ ಮನೆಯವರ ನಾಯಿಯೂ ಆರಾಮ ಇದೆ.

ಬುಧವಾರ ಪ್ರಮೋದ ಅವರು ನನ್ನ ಆಫೀಸಿಗೆ ಫೋನ್ ಮಾಡಿದ್ದರು. ಕೋರ್ಟಿನಿಂದ ಡೈವೋರ್ಸ್ ಕಾಗದ ಬಂದು ನಾಲ್ಕು ವರ್ಷವಾದರೂ ನನ್ನ ಬಾಯಲ್ಲಿ ಬಹುವಚನವೇ ಬರುತ್ತದೆ, ಬೈಯಬೇಡಿ. ಅಮ್ಮ ಇನ್ನು ಮೇಲೆ ಕೊಯಮತ್ತೂರಿನಲ್ಲೇ ಇರುತ್ತಾಳೆ, ಅವಳ ಟ್ರಂಕು, ದೇವರ ಪೆಟ್ಟಿಗೆ, ಔಷಧದ ಡಬ್ಬಿ ಎಲ್ಲವನ್ನೂ ಲಾರಿ ಪಾರ್ಸೆಲ್ಲಿಗೆ ಹಾಕಿಬಿಡು ಎಂದರು. ನಾನು ಸರಿ ಎಂದೆ. ಫೋನ್ ಇಟ್ಟಮೇಲೆ ಒಂದೇ ಪಾಲಿಸಿಯ ನಂಬರನ್ನು ಮೂರು ಸಲ ತಪ್ಪು ಬರೆದು ಮ್ಯಾನೇಜರ್ ಕೈಲಿ ಅನ್ನಿಸಿಕೊಂಡೆ. ಸಂಜೆ ನಿಮಗೆ ಫೋನ್ ಮಾಡಿದರೆ ನೀವು "ಆಮಾ, ಆಮಾ, ನೋಡೋಣ" ಎಂದಿರಿ. ಅತ್ತೆ, ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ. ಪಕ್ಕದಲ್ಲಿ ಯಾರೋ ಕೂತಿರುತ್ತಾರೆ, ಗೊತ್ತು. ಕಾಗದದ ಪಕ್ಕ ಯಾರೂ ಕೂರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಲ್ಲಿ ಇರಬೇಕು ಅನ್ನಿಸಿದರೆ ಇರಿ. ಮಗ ಇದ್ದಾರೆ, ಮೊಮ್ಮಗ ಹುಟ್ಟಿದ್ದಾನೆ, ಅವರ ಈಗಿನ ಹೆಂಡತಿ, ತಾಯಿ ಇಲ್ಲದ ಆ ಜಯಲಕ್ಷ್ಮಿಗೆ ನೀವೇ ತಾಯಿಯಾಗಿ ಬಾಣಂತನ ಮಾಡುತ್ತಿದ್ದೀರಿ. ನಿಮ್ಮನ್ನು ರೈಲು ಹತ್ತಿಸಿದವಳೂ ನಾನೇ. ತಡೆಯುವುದಕ್ಕೆ ನಾನು ಯಾರು? ಆದರೆ ಟ್ರಂಕು ಕಳಿಸು ಎಂಬ ಮಾತನ್ನು ನೀವೇ ಹೇಳಬೇಕು, ನಿಮ್ಮ ಕೈಯಿಂದ ಬರೆದು. ಅಲ್ಲಿಯ ತನಕ ನಾನು ಅದರ ಬೀಗ ಮುಟ್ಟುವುದಿಲ್ಲ.

ಈಗ ಗಿಡಗಳ ವಿಷಯ. ಕೆಟ್ಟದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಹೋದ ವಾರವೇ ಶುರುವಾದ ಮಳೆ ಈ ಸಲ ಬಿಡುವೇ ಕೊಡಲಿಲ್ಲ. ಮಹಡಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ತೂಗುಹಾಕಿದ್ದ ಏಳು ಆರ್ಕಿಡ್ ಬುಟ್ಟಿಗಳಲ್ಲಿ ಆರನ್ನು ಆ ದಿನವೇ ಒಳಗೆ ತಂದೆ. ಏಳನೆಯದು, ಮಾವನವರು ರಿಟೈರಾದ ವರ್ಷ ತಂದ ನೇರಳೆಯದು, ಹೂಬಿಟ್ಟು ಆಗಷ್ಟೇ ಮುಗಿದಿತ್ತು. ಅದರ ಕೊಕ್ಕೆ ತುಕ್ಕು ಹಿಡಿದು ಕೂತಿತ್ತು, ಬಿಡಿಸಲು ಆಗಲಿಲ್ಲ, ನಾಳೆ ನೋಡೋಣ ಎಂದು ಬಿಟ್ಟೆ. ನಾಳೆ ಎಂದವನ ಮನೆ ಹಾಳು. ನಾಲ್ಕನೆಯ ದಿನ ಹೋಗಿ ನೋಡಿದರೆ ಬುಡದ ಒಂದು ಕಾಂಡ ಕಂದಾಗಿ, ಮುಟ್ಟಿದರೆ ಬಾಳೆಹಣ್ಣಿನ ಹಾಗೆ ಮೆತ್ತಗೆ ಒಳಗೆ ಹೋಯಿತು. ವಾಸನೆ ಬೇರೆ.

ಮೊದಲಿನ ಮಾಧವಿ ಆಗಿದ್ದರೆ ಅಲ್ಲೇ ಕೂತು ಅಳುತ್ತಿದ್ದಳು. ಈಗಿನವಳು ಒಲೆ ಹಚ್ಚಿದಳು. ಬ್ಲೇಡನ್ನು ಉರಿಯಲ್ಲಿ ಕೆಂಪಗೆ ಕಾಯಿಸಿ ಆರಿಸಿಕೊಂಡು, ಗಿಡವನ್ನು ಬುಟ್ಟಿಯಿಂದ ಬಿಡಿಸಿ ಹಳೆಯ ಇದ್ದಿಲನ್ನೆಲ್ಲ ಉದುರಿಸಿ, ಬೇರುಗಳನ್ನು ನಲ್ಲಿಯ ಕೆಳಗೆ ಹಿಡಿದು ಒಂದೊಂದನ್ನೂ ಎರಡು ಬೆರಳಲ್ಲಿ ಒತ್ತಿ ನೋಡಿದೆ. ಗಟ್ಟಿ ಇದ್ದದ್ದು ಇರಲಿ, ಸಿಪ್ಪೆ ಜಾರಿ ನೂಲು ಉಳಿದದ್ದು ಹೋಗಲಿ. ನೀವು ಕಲಿಸಿದ್ದು ಅಷ್ಟೇ ತಾನೆ? ಕೊಳೆತ ಕಾಂಡವನ್ನು ಕಂದು ಬಣ್ಣ ಮುಗಿದ ಕಡೆ ಕತ್ತರಿಸಿದೆ. ಒಳಗೆ ಇನ್ನೂ ಒಂದು ಕಂದು ಚುಕ್ಕೆ ಕಾಣಿಸಿತು. ಚುಕ್ಕೆ ಬಿಟ್ಟರೆ ಗಿಡ ಬಿಟ್ಟ ಹಾಗೆ ಎಂದು ನೀವು ಗದರುತ್ತಿದ್ದದ್ದು ನೆನಪಾಯಿತು. ಮತ್ತೆ ಬ್ಲೇಡು ಕಾಯಿಸಿ ಇನ್ನೊಂದು ಬೆರಳಗಲ ಕೆಳಗೆ, ಒಳ್ಳೆಯ ಹಸಿರನ್ನೂ ಸೇರಿಸಿ ಕತ್ತರಿಸಿದೆ.

ಗಾಯಕ್ಕೆ ಚಕ್ಕೆಪುಡಿ ಹಚ್ಚಿದೆ. ನೆರಳಲ್ಲಿ, ಫ್ಯಾನಿನ ಗಾಳಿಗೆ ಮೂರು ದಿನ ಬರಿಮೈಯಲ್ಲಿ ಒಣಗಲು ಬಿಟ್ಟೆ. ಆಮೇಲೆ ಅಣ್ಣಾ ನಗರದ ನರ್ಸರಿಯ ಗುಂಡಣ್ಣನ ಹತ್ತಿರ ಹೋಗಿ ಹೊಸ ಇದ್ದಿಲು, ಹೆಂಚಿನ ಚೂರು ತಂದು ಕೂರಿಸಿದೆ. ಗುಂಡಣ್ಣ ನಿಮ್ಮನ್ನು ಬಹಳ ಕೇಳಿದ. "ಅಮ್ಮ ಇಲ್ದೇನೆ ನೀವೇ ಕೊಯ್ದ್ರಾ ಅಕ್ಕಾ? ಗಟ್ಟಿಗಿತ್ತಿ ಬುಡಿ" ಎಂದ. ಒಂದು ವಾರ ನೀರು ತೋರಿಸಬೇಡಿ ಎಂದ. ತೋರಿಸಲಿಲ್ಲ. ನಿನ್ನೆ ಬುಡದಲ್ಲಿ ಅಕ್ಕಿಕಾಳಿನಷ್ಟು ಹಸಿರು ಮೊಳಕೆ ಕಂಡಿತು. ಮಹಡಿಯ ಮೇಲೆ ಒಬ್ಬಳೇ ಚಪ್ಪಾಳೆ ತಟ್ಟಿದೆ, ಎದುರುಮನೆಯವರು ಕಿಟಕಿಯಿಂದ ನೋಡಿದರು.

ಒಂದು ಕೇಳಬೇಕಿತ್ತು. ಆ ಗಿಡದ ಹಳೆಯ ಎರಡು ಕಾಂಡಗಳಲ್ಲಿ ಒಂದೂ ಎಲೆ ಇಲ್ಲ, ಒಣಕಲು ಕಬ್ಬಿನ ತುಂಡಿನ ಹಾಗಿವೆ. ಅವನ್ನೂ ತೆಗೆಯಲೇ? ಹೂ ಮುಗಿದ ಕಡ್ಡಿಯನ್ನು ಎಲ್ಲಿಗೆ ಕತ್ತರಿಸಲಿ? ನೀವಿದ್ದಾಗ ಇದನ್ನೆಲ್ಲ ನೀವೇ ಮಾಡುತ್ತಿದ್ದಿರಿ, ನಾನು ಪಕ್ಕದಲ್ಲಿ ನಿಂತು ಮಾತಾಡುತ್ತಿದ್ದೆ.

ಶುಕ್ರವಾರ ಆಫೀಸಿಗೆ ಹೊಸದಾಗಿ ಬಂದ ಸುಮತಿ ಊಟದ ಹೊತ್ತಿನಲ್ಲಿ ಕೇಳಿದಳು: ನಿಮಗೆ ಡೈವೋರ್ಸ್ ಆಗಿದೆ ಅಂತಾರೆ, ಮತ್ತೆ ದಿನವೂ ಅತ್ತೆ ಅತ್ತೆ ಅಂತ ಹೇಳುತ್ತೀರಲ್ಲ, ಯಾರ ಅತ್ತೆ? ಗಂಡ ಬಿಟ್ಟುಹೋದರು, ಅತ್ತೆ ಬಿಡಲಿಲ್ಲ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಧಾರವಾಡದಿಂದ ಮದುವೆಯಾಗಿ ಬಂದದ್ದು, ಮೂರು ವರ್ಷಕ್ಕೆ ಪ್ರಮೋದ ಅವರು ನಮ್ಮಿಬ್ಬರಿಗೂ ಹೊಂದುವುದಿಲ್ಲ ಎಂದು ಪೆಟ್ಟಿಗೆ ತೆಗೆದುಕೊಂಡು ಕೊಯಮತ್ತೂರಿನ ಕೆಲಸಕ್ಕೆ ಹೋದದ್ದು, ನಾನೂ ನನ್ನ ಪೆಟ್ಟಿಗೆ ಕಟ್ಟುತ್ತಿದ್ದಾಗ ನೀವು ಬಾಗಿಲಲ್ಲಿ ಕೂತು ಹುರುಳಿಕಾಯಿ ಸೋಸುತ್ತಾ "ನೀನೆಲ್ಲಿ ಹೊರಟೆ? ಹೋದವನು ಅವನು" ಎಂದದ್ದು, ಇದನ್ನೆಲ್ಲ ಹೇಳಿದೆ. ಸುಮತಿ ಡಬ್ಬಿಯ ಮೊಸರನ್ನ ತಿನ್ನುವುದನ್ನೇ ಮರೆತಳು.

ಆಮೇಲೆ ಅವಳಿಗೆ ಆ ಚೀಟಿಯ ಕಥೆಯನ್ನೂ ಹೇಳಿದೆ. ಅದನ್ನು ಹೇಳದಿದ್ದರೆ ನೀವು ಎಂಥವರು ಎಂದು ತಿಳಿಯುವುದೇ ಇಲ್ಲ.

ನೆನಪಿದೆಯೇ, ಪ್ರಮೋದ ಅವರು ಹೋದಮೇಲೆ ನಿಮಗೆ ನಾನು ಕನ್ನಡ ಅಕ್ಷರ ಕಲಿಸಲು ಕೂತದ್ದು? ಮೂರು ತಲೆಮಾರಿನಿಂದ ಮದರಾಸಿನಲ್ಲಿದ್ದು ಬಾಯಲ್ಲಿ ಕನ್ನಡ, ಕೈಯಲ್ಲಿ ತಮಿಳು. ದೇವರನಾಮಗಳನ್ನೆಲ್ಲ ತಮಿಳು ಲಿಪಿಯಲ್ಲಿ ಬರೆದಿಟ್ಟುಕೊಂಡಿದ್ದಿರಿ. ನಿಮ್ಮ ಲಿಪಿಯಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ. ಅದಕ್ಕೆ ಕನ್ನಡದಲ್ಲಿ ಗೋಪಾಲನನ್ನು ಕೋಪಾಲ ಮಾಡಿ, ಗಂಗೆಯನ್ನು ಕಂಕೆ ಮಾಡಿ ಬರೆಯುತ್ತಿದ್ದಿರಿ. ನಾನು ಕೆಂಪು ಇಂಕಿನ ಪೆನ್ನು ಹಿಡಿದು ತಿದ್ದುತ್ತಿದ್ದೆ. ಅಳುವುದಕ್ಕೆ ಪುರುಸೊತ್ತು ಸಿಗಬಾರದೆಂದೇ ನೀವು ಆ ಪಾಠ ಹೂಡಿದ್ದಿರಿ ಎಂದು ನನಗೆ ಆಗ ಹೊಳೆಯಲಿಲ್ಲ. ಬದಲಿಗೆ ನನಗೆ ತಮಿಳು ಕಲಿಸಿದಿರಿ. ಮೊದಲು ಬೈಯುವುದು ಕಲಿ, ತರಕಾರಿ ಕೊಳ್ಳುವುದು ತಾನಾಗಿ ಬರುತ್ತದೆ ಎಂದಿರಿ. ಕಂಪ್ಯೂಟರ್ ಕ್ಲಾಸಿಗೆ ಸೇರಿಸಿ, ಮೊದಲ ವಾರ ಹೊರಗಿನ ಬೆಂಚಿನ ಮೇಲೆ ಕೂತು ಕಾದವರೂ ನೀವೇ.

ಆ ವರ್ಷ ನವೆಂಬರಿನಲ್ಲಿ ನೀವು ಮಂತ್ರಾಲಯಕ್ಕೆಂದು ಹನ್ನೆರಡು ದಿನ ಹೋದಿರಿ. ನೀವು ಹೊರಡುವ ಹೊತ್ತಿನಲ್ಲಿ ನಾನು ಕ್ಲಾಸಿನಲ್ಲಿದ್ದೆ. ಬಂದು ನೋಡಿದರೆ ಕಾಫಿಪುಡಿ ಡಬ್ಬಿಯ ಮೇಲೆ ಚೀಟಿ. ಕನ್ನಡದಲ್ಲಿ! ನೀವಾಗಿಯೇ ಬರೆದ ಮೊದಲ ಕನ್ನಡ ಚೀಟಿ: "ಬೇರು ಅಳುಕುದು. ನೀರು ನೋಡು." ಸಂತೋಷಕ್ಕೆ ಅದನ್ನು ಕಣ್ಣಿಗೆ ಒತ್ತಿಕೊಂಡೆ. ಆಮೇಲೆ ಟೀಚರಮ್ಮನಿಗೆ ತಪ್ಪು ಕಂಡಿತು. ಅಳುಕುವುದು ಎಂದರೆ ಹೆದರುವುದು, ಬೇರು ಯಾಕೆ ಹೆದರುತ್ತದೆ? ಓಹೋ, ಅಳುವುದು ಎಂದು ಬರೆಯಲು ಹೋಗಿದ್ದಾರೆ ಎಂದುಕೊಂಡೆ. ಕೆಂಪು ಇಂಕಿನಲ್ಲಿ ತಿದ್ದಿದೆ: "ಬೇರು ಅಳುವುದು." ಪಾಪ, ಬಾಯಾರಿಕೆಗೆ ಅಳುತ್ತದೆ, ನೀರು ನೋಡಿಕೋ ಎಂದು ಹೇಳಿದ್ದಾರೆ ಎಂದು ತಿಳಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗಾಯಿತು ನನ್ನದು. ಹೊರಗೆ ಮಳೆ ಬೇರೆ ಬರುತ್ತಿತ್ತು, ನಾನು ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ಸುರಿದೆ. ಆ ದಿನಗಳಲ್ಲಿ ನನ್ನ ತಲೆಯೂ ನನ್ನ ಹತ್ತಿರ ಇರಲಿಲ್ಲ. ಹದಿನಾರು ಬುಟ್ಟಿ ಇದ್ದವು ಆಗ.

ನೀವು ಬಂದು ಚೀಲ ಇಳಿಸಿ ಮಹಡಿಗೆ ಹೋದಿರಿ. ನಾನು ಹಿಂದೆಯೇ ಬಂದು, ನೋಡಿ ಅತ್ತೆ, ಒಂದು ದಿನವೂ ತಪ್ಪಿಸಿಲ್ಲ ಎಂದೆ. ಒಂಬತ್ತು ಗಿಡ ಬುಡಸಮೇತ ಕೊಳೆತು ಹೋಗಿದ್ದವು. ಮಾವನವರ ನೇರಳೆಯದು ಎಲೆ ಎಲ್ಲ ಉದುರಿಸಿಕೊಂಡು ಜೋಲುಬಿದ್ದಿತ್ತು. ನೀವು ಟ್ಯಾಂಕಿನ ಕಟ್ಟೆಯ ಮೇಲೆ ಕೂತಿರಿ. ನಾನು ತಿದ್ದಿದ ಚೀಟಿಯನ್ನು ಇಸಿದುಕೊಂಡು ಓದಿದಿರಿ. ನಮ್ಮ ಮನೆಯ ಕನ್ನಡದಲ್ಲಿ ಅಳುಗುದು ಅಂದರೆ ಕೊಳೆಯೋದು ಕಣೇ, ತಮಿಳು ಮಾತು ಅದು ಅಂತಲೇ ನನಗೆ ಇವತ್ತಿನ ತನಕ ಗೊತ್ತಿಲ್ಲ ಎಂದಿರಿ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಲ್ಲೇ ನಿಂತು ಗೊಳೋ ಎಂದು ಅತ್ತೆ. ಗಂಡ ಹೋದಾಗಲೂ ಹಾಗೆ ಅತ್ತಿರಲಿಲ್ಲ. ಆಗ ನೀವು ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾ "ಶರಿ, ಈಗ ನೀನು ಅಳುಗಬೇಡ, ಹೋಗಿ ಬ್ಲೇಡ್ ತೊಗೊಂಡು ಬಾ" ಎಂದಿರಿ.

ಒಂದು ಬೈಗುಳ ಇಲ್ಲ ಅತ್ತೆ. ನನಗೆ ಅಷ್ಟು ಬೈಗುಳ ಕಲಿಸಿದವರು ನೀವು, ಒಂದನ್ನಾದರೂ ನನ್ನ ಮೇಲೆ ಪ್ರಯೋಗಿಸಬಹುದಿತ್ತು. ಮಸಾಲೆಯ ವಾಸನೆ ಸೇರದ ನಿಮ್ಮ ಅಡುಗೆಮನೆಗೆ ಆ ದಿನ ಮೊದಲ ಸಲ ಚಕ್ಕೆ ಬಂತು, ಗಿಡದ ಗಾಯಕ್ಕೆಂದು. ಸಂಜೆಯ ತನಕ ಇಬ್ಬರೂ ಕೂತು ಬೇರು ಒತ್ತಿ ಒತ್ತಿ ನೋಡಿದೆವು. ಮಾವನವರ ಗಿಡಕ್ಕೆ ಒಂದೂ ಒಳ್ಳೆಯ ಬೇರು ಉಳಿದಿರಲಿಲ್ಲ. ನೀವು ಅದರ ಕಾಂಡವನ್ನು ಒದ್ದೆ ತೆಂಗಿನನಾರಿನ ಮೇಲೆ ಮಲಗಿಸಿ ಇಟ್ಟಿರಿ. ಎರಡು ತಿಂಗಳು ಬಿಟ್ಟು ಗಂಟಿನಿಂದ ಮರಿ ಬಂತು. ಉಳಿದಿದ್ದ ಚಕ್ಕೆಯಲ್ಲಿ ನಾನು ಪಲಾವು ಮಾಡಿದೆ, ನೀವು ಮೂಗು ಮುರಿಯುತ್ತಲೇ ಎರಡು ಸಲ ಹಾಕಿಸಿಕೊಂಡಿರಿ. ಮಂತ್ರಾಲಯದ ಮಂತ್ರಾಕ್ಷತೆ ಎಲ್ಲಿ ಅತ್ತೆ ಎಂದು ಕೇಳಿದ್ದಕ್ಕೆ ಬಸ್ಸಿನಲ್ಲಿ ಬಿದ್ದುಹೋಯಿತು ಎಂದಿರಿ. ರಾಯರ ಮಂತ್ರಾಕ್ಷತೆ ಕಳೆದುಕೊಂಡು ಬಂದವರು ಸೊಸೆಗೆ ಏನು ಬೈದಾರು ಎಂದು ನಾನು ನಿಮ್ಮನ್ನು ಚುಡಾಯಿಸಿದ್ದೆ.

ಇದನ್ನೆಲ್ಲ ಈಗ ಯಾಕೆ ಬರೆದೆನೆಂದರೆ, ಎದುರಿಗಿದ್ದಾಗ ಒಂದು ದಿನವೂ ನಿಮಗೆ ಉಪಕಾರವಾಯಿತು ಎಂದು ಹೇಳಲಿಲ್ಲ. ಹೇಳಿದ್ದರೆ "ಪೋಡೀ" ಎಂದು ಎದ್ದುಹೋಗುತ್ತಿದ್ದಿರಿ. ಈಗ ಎದ್ದುಹೋಗಲು ಆಗದು, ಓದಲೇಬೇಕು. ನನಗೆ ಈ ಊರು, ಈ ಭಾಷೆ, ಈ ಕೆಲಸ, ನನ್ನ ತಿಂಗಳ ಸಂಬಳ, ಗಟ್ಟಿ ಬೇರು ಯಾವುದು ಪೊಳ್ಳು ಯಾವುದು ಎಂದು ಒತ್ತಿ ನೋಡುವ ಬೆರಳು, ಎಲ್ಲ ನೀವು ಕೊಟ್ಟದ್ದು. ಹೆತ್ತವಳು ಧಾರವಾಡದಲ್ಲಿದ್ದಾಳೆ, ಅವಳ ಮೇಲೆ ಆಣೆ ಮಾಡಿ ಹೇಳುತ್ತೇನೆ, ಅವಳೂ ನನ್ನನ್ನು ಇಷ್ಟು ಸಹಿಸುತ್ತಿರಲಿಲ್ಲ.

ಬನ್ನಿ ಎಂದು ನಾನು ಹೇಳಬಾರದು. ಹೇಳದಿರಲು ನಾಲ್ಕು ಪುಟ ಪ್ರಯತ್ನ ಮಾಡಿದೆ. ಆಗಲಿಲ್ಲ. ಬನ್ನಿ ಅತ್ತೆ. ಮನೆ ಬಿಕೋ ಎನ್ನುತ್ತದೆ.

ನಿಮ್ಮ ಸೊಸೆ (ಕಾನೂನು ಏನಾದರೂ ಹೇಳಿಕೊಳ್ಳಲಿ),
ಮಾಧವಿ

ತಾ.ಕ.: ಕೂಸಿಗೆ ಏನು ಹೆಸರಿಟ್ಟರು? ನೀವು ಹೇಳಲಿಲ್ಲ, ನಾನು ಕೇಳಲಿಲ್ಲ. ಈ ಕಾಗದದ ಜೊತೆ ಕಳಿಸಿದ ಪಾರ್ಸೆಲ್ಲಿನಲ್ಲಿ ಎರಡು ಕುಲಾವಿ ಇವೆ, ನಾನೇ ಹೊಲಿದದ್ದು. ಟಿ. ನಗರದಿಂದ ತಂದದ್ದು ಎಂದು ಹೇಳಿ.

*

ಕೊಯಮತ್ತೂರು
24-12-2005

ಚಿ. ಸೌ. ಮಾಧುಗೆ ಗೋದಾಬಾಯಿ ಮಾಡುವ ಆಶೀರ್ವಾದ.

ನಿನ್ನ ಕಾಗದ ಎರಡು ದಿನ ಕೂತು ಓದಿದೆ. ಕನ್ನಡಕ ಹಾಕಿಕೊಂಡು ಹಿತ್ತಿಲ ಮೆಟ್ಟಿಲ ಮೇಲೆ ಕೂತೆ, ಯಾರೂ ಬರಲಿಲ್ಲ. ನನ್ನ ಕನ್ನಡದಲ್ಲಿ ತಪ್ಪು ಇದ್ದರೆ ನಿನ್ನ ಕೆಂಪು ಪೆನ್ನು ಇದೆಯಲ್ಲ, ತಿದ್ದಿಕೋ. ಆದರೆ ಈ ಸಲ ಅರ್ಥ ತಿದ್ದಬೇಡ.

ಮೊದಲು ಗಿಡ. ಎಲೆ ಇಲ್ಲದ ಕಾಂಡ ಮುಟ್ಟಲೇಬೇಡ. ನೋಡುವುದಕ್ಕೆ ಒಣಕಲು, ಒಳಗೆ ನೀರು ಇಟ್ಟುಕೊಂಡಿರುತ್ತೆ, ಹೊಸ ಮರಿಗೆ ಅದೇ ಊಟ. ಪೂರಾ ಸುಕ್ಕಿ ಹಳದಿ ಆಗಿ ತಾನಾಗಿ ಪೊಳ್ಳಾದರೆ ಮಾತ್ರ ತೆಗಿ. ಹೂ ಮುಗಿದ ಕಡ್ಡಿಯನ್ನು ಕಾಂಡದ ಹತ್ತಿರ, ಅರ್ಧ ಬೆರಳು ಬಿಟ್ಟು ಕತ್ತರಿಸು. ಹೂ ಬಿಟ್ಟು ಗಿಡಕ್ಕೆ ಸುಸ್ತಾಗಿರುತ್ತೆ. ಒಂದು ತಿಂಗಳು ಗೊಬ್ಬರ ಗಿಬ್ಬರ ಅಂತ ಅದನ್ನು ತೊಂದರೆ ಮಾಡಬೇಡ. ನೀರು ಬೆಳಿಗ್ಗೆ ಮಾತ್ರ, ಇದ್ದಿಲು ಒಣಗಿದ ಮೇಲೆ. ಚಕ್ಕೆಪುಡಿ ಗಾಯಕ್ಕೆ ಮಾತ್ರ, ಒಳ್ಳೆ ಬೇರಿಗೆ ತಾಗಿದರೆ ಅದೂ ಒಣಗಿ ಹೋಗುತ್ತೆ. ನೀನು ಹಸಿರು ಸೇರಿಸಿ ಕತ್ತರಿಸಿದೆಯಲ್ಲ, ಸರಿಯಾಗಿ ಮಾಡಿದೆ.

ಟ್ರಂಕಿನ ಮಾತು ನಾನು ಹೇಳಿದ್ದಲ್ಲ. ಪ್ರಮೋದನೇ, ಅಮ್ಮ ಸುಮ್ಮನೆ ಇದ್ದಾಳೆ ಅಂದರೆ ಒಪ್ಪಿದ್ದಾಳೆ ಅಂದುಕೊಂಡ. ಜಯಲಕ್ಷ್ಮಿ ಒಳ್ಳೆ ಹುಡುಗಿ, ಪಾವಂ, ನನ್ನನ್ನು ಬಿಡುವುದೇ ಇಲ್ಲ. ಕೂಸಿಗೆ ನಿನ್ನ ಮಾವನವರ ಹೆಸರೇ ಇಟ್ಟಿದ್ದಾರೆ, ಹರಿದಾಸ. ಕುಲಾವಿ ಹಾಕಿದೆ, ಟಿ. ನಗರದ್ದು ಅಂತ ಹೇಳಲಿಲ್ಲ. ಮಾಧು ಹೊಲಿದದ್ದು ಅಂದೆ. ಜಯಲಕ್ಷ್ಮಿ ಅದನ್ನು ತಿರುಗಿಸಿ ತಿರುಗಿಸಿ ಹೊಲಿಗೆ ನೋಡಿದಳು.

ನಾನು ಸುಮ್ಮನೆ ಇದ್ದದ್ದಕ್ಕೆ ಕಾರಣ ಬೇರೆ. ನೀನು ನಾಲ್ಕು ಪುಟ ನನ್ನನ್ನು ಹೊಗಳಿದ್ದೀ. ಅದು ಓದಿ ನನಗೆ ಊಟ ಸೇರಲಿಲ್ಲ. ಬಾ ಅಂತ ಕರೆದಿದ್ದೀ. ಕರೆಯುವುದಕ್ಕೆ ಮುಂಚೆ ನೀನು ಒಂದು ವಿಷಯ ತಿಳಿದುಕೊಂಡಿರಬೇಕಾಗಿತ್ತು. ಆರು ವರ್ಷದಿಂದ ಹೇಳಬೇಕು ಹೇಳಬೇಕು ಅಂತ ಬಾಯಿ ತುದಿಗೆ ಬರುತ್ತೆ, ನುಂಗುತ್ತೀನಿ.

ಆವತ್ತು ನಾನು ಮಂತ್ರಾಲಯಕ್ಕೆ ಹೋಗಲಿಲ್ಲ. ರಾಯರ ಹೆಸರಿನಲ್ಲಿ ಸುಳ್ಳು ಹೇಳಿದೆ. ಇಲ್ಲಿಗೆ ಬಂದೆ, ಪ್ರಮೋದನ ಹತ್ತಿರ. ಅವನನ್ನು ಕೈಹಿಡಿದು ಕರೆದುಕೊಂಡು ಬರುವುದಕ್ಕೇ ಬಂದೆ. ಒಂಟಿ ರೂಮು, ಹೋಟಲ್ ಊಟ, ಇಳಿದುಹೋಗಿದ್ದ. ಮೂರನೇ ದಿನ ತಾನಾಗಿಯೇ ಹೇಳಿದ, ಅಮ್ಮಾ ನಾನು ಬಂದುಬಿಡ್ತೀನಿ ಅಂತ. ನನಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಆಮೇಲೆ ಹೇಳಿದ, ಆದರೆ ಅವಳು ಆ ಕ್ಲಾಸು ಗೀಸು ಬಿಡಬೇಕು, ಕೆಲಸ ಅನ್ನೋ ಮಾತು ಎತ್ತಬಾರದು, ನಾನು ಬಂದದ್ದೇ ದೊಡ್ಡದು ಅಂತ ಇರಬೇಕು ಅಂತ. ಒಂದು ಸಲ ಅಲ್ಲ, ನಾಲ್ಕು ದಿನ ಅದನ್ನೇ ಹೇಳಿದ. ನಾನು ಹೆತ್ತ ಮಗ, ಆದರೂ ಅವನ ಮಾತು ಕೇಳುತ್ತಾ ನೀನು ಆ ಕ್ಲಾಸಿನಿಂದ ಹೊರಗೆ ಬರುವಾಗ ನಗುತ್ತಿದ್ದ ಮುಖವೇ ಕಣ್ಣಿಗೆ ಬಂತು. ಆ ಮನೆಗೆ ಬರಬೇಡ ಅಂತ ಅವನಿಗೆ ಹೇಳಿಬಿಟ್ಟೆ. ಅವನು ಕೋಪ ಮಾಡಿಕೊಂಡು ಎರಡು ವರ್ಷ ನನ್ನ ಹತ್ತಿರ ಮಾತಾಡಲಿಲ್ಲ. ನಿನಗೆ ಗೊತ್ತು, ಕಾರಣ ಮಾತ್ರ ಗೊತ್ತಿಲ್ಲ.

ನಾನು ಮಾಡಿದ್ದು ಸರಿ ಅಂತಲೇ ಇದ್ದೆ. ಈಗ ಈ ಕೂಸಿಗೆ ದಿನವೂ ಕಾಲ ಮೇಲೆ ಮಲಗಿಸಿ ನೀರು ಹಾಕುವಾಗ ಎದೆ ಚುರುಕ್ ಅನ್ನುತ್ತೆ. ಅವನನ್ನು ಕರೆದುಕೊಂಡು ಬಂದಿದ್ದರೆ ಹೇಗೋ ಸರಿಹೋಗುತ್ತಿತ್ತೋ ಏನೋ, ಇಂಥ ಒಂದು ಕೂಸು ನಿನ್ನ ಮಡಿಲಲ್ಲಿ ಇರುತ್ತಿತ್ತೋ ಏನೋ. ಗಂಡ ನಿನ್ನವನು, ಸಂಸಾರ ನಿನ್ನದು. ಬೇಡ ಅಂದವಳು ನಾನು. ನಿನ್ನನ್ನು ಒಂದು ಮಾತು ಕೇಳಲಿಲ್ಲ.

ಈಗ ಹೇಳು. ಇದು ಗೊತ್ತಾದಮೇಲೂ ಬಾ ಅಂದರೆ ಬರ್ತೀನಿ. ಬೇಡ ಅಂದರೆ ಟ್ರಂಕು ಕಳಿಸು, ನಾನು ತಪ್ಪು ತಿಳಿಯಲ್ಲ. ಗಿಡ ಎಲ್ಲ ನಿನ್ನದೇ.

ಗೋದಾಬಾಯಿ

ತಾ.ಕ.: ಒಬ್ಬಳೇ ಇದ್ದೀ ಅಂತ ಬರೀ ಮೊಸರನ್ನ ತಿಂದುಕೊಂಡು ಇರಬೇಡ. ನಿನ್ನ ಕಾಗದದಲ್ಲಿ ಅಡುಗೆ ಮಾತೇ ಇಲ್ಲ, ನನಗೆ ಗೊತ್ತಾಯಿತು.

*

ಪುರಸೈವಾಕ್ಕಂ, ಚೆನ್ನೈ
1 ಜನವರಿ 2006, ಭಾನುವಾರ

ಅತ್ತೆ,

ನಿಮ್ಮ ಪತ್ರ ಗುರುವಾರ ಬಂತು. ಇಡೀ ಕಾಗದದಲ್ಲಿ ತಪ್ಪು ಹುಡುಕಿದರೂ ಸಿಗಲಿಲ್ಲ, ಕ-ಗ ಎಲ್ಲ ಸರಿಯಾಗಿವೆ. ಟೀಚರಿಗೆ ಮರ್ಯಾದೆ ಬಂತು.

ಗುರುವಾರ ನನಗೆ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಕೇಳಬೇಕಿತ್ತು ನೀವು. ನನ್ನ ಬಾಳಿನ ಮಾತನ್ನು ನಿಮ್ಮ ಸೆರಗಿನ ಗಂಟಲ್ಲಿ ಕಟ್ಟಿಕೊಂಡು ಆರು ವರ್ಷ ಓಡಾಡಿದಿರಲ್ಲ ಎಂದು ಪಾತ್ರೆಗಳನ್ನು ದಡಬಡ ಬಡಿದೆ. ಕೆಳಗಿನವರು ಏನಾಯಿತು ಎಂದು ಕೇಳಿಕೊಂಡು ಬಂದರು. ಶುಕ್ರವಾರ ಸಿಟ್ಟು ಇಳಿಯಿತು. ಶನಿವಾರ ಮನಸಾರೆ ಅತ್ತುಬಿಟ್ಟೆ. ಹೆತ್ತ ಮಗನಿಗೆ ಬೇಡ ಎನ್ನಲು ನಿಮಗೆ ಎಷ್ಟು ನೋವಾಗಿರಬೇಕು, ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಬಂದು, ಚೀಲ ಇಳಿಸಿ, ನಾನು ಕೊಳೆಯಿಸಿದ ಗಿಡಗಳ ಮುಂದೆ ಕೂತಿರಿ. ಆ ದಿನವೂ ನನ್ನನ್ನೇ ಸಮಾಧಾನ ಮಾಡಿದಿರಿ.

ಕೂಸಿನ ವಿಷಯ ಬರೆದಿರಿ. ಒಮ್ಮೊಮ್ಮೆ ನನಗೂ ಅನ್ನಿಸುವುದುಂಟು. ಅನ್ನಿಸಿದಾಗ ಅನ್ನಿಸುತ್ತದೆ, ಅದಕ್ಕೆ ನೀವು ಹೊಣೆಯಲ್ಲ. ಯಾಕೆ ಅಲ್ಲ ಎಂಬುದನ್ನು ಕೆಳಗೆ ಬರೆದಿದ್ದೇನೆ. ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ.

ಮೂರು ತಿಂಗಳ ಬಾಣಂತನ ಪೂರ್ತಿ ಮುಗಿಸಿಯೇ ಬನ್ನಿ. ಜಯಲಕ್ಷ್ಮಿಗೆ ತಲೆಗೆ ಗಾಳಿ ತಾಗದಂತೆ ನೋಡಿಕೊಳ್ಳಿ. ಹರಿದಾಸನಿಗೆ ಹಲ್ಲು ಬರುವ ಹೊತ್ತಿಗೆ ಅವರೆಲ್ಲ ಇಲ್ಲಿಗೇ ಬಂದು ನಿಮ್ಮನ್ನು ನೋಡಿಕೊಂಡು ಹೋಗಲಿ. ನಾನು ಅಡುಗೆ ಮಾಡುತ್ತೇನೆ. ಪ್ರಮೋದ ಅವರಿಗೂ ಎಲೆ ಹಾಕುತ್ತೇನೆ.

ನಿಮ್ಮ ಮಾಧು

ತಾ.ಕ.: ನೀವು ಮಂತ್ರಾಲಯದಲ್ಲಿದ್ದೀರಿ ಎಂದು ನಾನು ನಂಬಿದ್ದ ಆ ಹನ್ನೆರಡು ದಿನಗಳಲ್ಲಿ, ಒಂಬತ್ತನೆಯ ದಿನ, ಪ್ರಮೋದ ಅವರಿಂದ ನನಗೊಂದು ಇನ್‌ಲ್ಯಾಂಡ್ ಪತ್ರ ಬಂದಿತ್ತು. ನಿಮ್ಮ ಸುದ್ದಿಯೇ ಅದರಲ್ಲಿರಲಿಲ್ಲ. ನೀನು ಕ್ಲಾಸು ಬಿಟ್ಟು ಮೊದಲಿನ ಹಾಗೆ ಇರುವುದಾದರೆ ಬರುತ್ತೇನೆ, ಬಾ ಎಂದು ಒಂದು ಸಾಲು ಬರೆ, ಅಮ್ಮನಿಗೆ ಹೇಳಬೇಡ ಎಂದಿದ್ದರು. ಮರುದಿನವೇ ಅವರಿಗೆ ಉತ್ತರ ಬರೆದು ಅಂಚೆಗೆ ಹಾಕಿದೆ: "ಬರಬೇಡಿ." ನಿಮ್ಮ ಒಬ್ಬನೇ ಮಗನನ್ನು ನಿಮ್ಮ ಮನೆಯಿಂದ ಹೊರಗಿಟ್ಟವಳು ನಾನು ಎಂದು ಗೊತ್ತಾದರೆ ನೀವು ಹೊರಟುಹೋಗುತ್ತೀರಿ ಎಂದು ಹೆದರಿ ಆರು ವರ್ಷ ಬಾಯಿಗೆ ಬೀಗ ಹಾಕಿಕೊಂಡೆ. ನಾನೂ ನಿಮ್ಮನ್ನು ಒಂದು ಮಾತು ಕೇಳಲಿಲ್ಲ.